ಮುಟ್ಟು ನಿಂತ ಮೇಲೆ ದಿನಕ್ಕೆ ಎಷ್ಟು ಕ್ಯಾಲೊರಿ? ಮನೆಯಲ್ಲೇ ಲೆಕ್ಕ ಹಾಕಿ

ಊಟ ಮೊದಲಿನಷ್ಟೇ, ಆದರೂ ಬ್ಲೌಸು ಬಿಗಿಯಾಗುತ್ತಿದೆ. ಐವತ್ತರ ಆಸುಪಾಸಿನ ಹೆಂಗಸರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ, ಅಲ್ವಾ? ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದ ಮೇಲೆ ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಬಂದು ಕೂರುತ್ತದೆ. ಜೊತೆಗೆ ವಯಸ್ಸಿನಿಂದ ಸ್ನಾಯು ಕರಗುತ್ತದೆ, ಓಡಾಟವೂ ಕಡಿಮೆಯಾಗಿರುತ್ತದೆ. ಹಾಗಂತ ದೇಹ ಕ್ಯಾಲೊರಿ ಸುಡುವುದನ್ನೇ ನಿಲ್ಲಿಸಿಬಿಡುತ್ತದೆ ಅನ್ನುವುದು ಸರಿಯಲ್ಲ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದಿದ್ದರು. ದೇಹದ ಗಾತ್ರ, ಸ್ನಾಯು ಎಲ್ಲ ಲೆಕ್ಕಕ್ಕೆ ಹಿಡಿದರೆ 20ರಿಂದ 60 ವರ್ಷದವರೆಗೆ ಈ ಖರ್ಚು ಹೆಚ್ಚುಕಡಿಮೆ ಒಂದೇ ಇರುತ್ತದೆ.

ಹಾಗಾಗಿ ಉಪವಾಸ ಬೇಡ, ಲೆಕ್ಕ ಸಾಕು. ಒಂದು ಪೆನ್ನು ತೆಗೆದುಕೊಳ್ಳಿ.

ಮೊದಲು, ಸುಮ್ನೆ ಮಲಗಿದ್ದರೂ ದೇಹಕ್ಕೆ ಎಷ್ಟು ಬೇಕು ಅಂತ ನೋಡೋಣ. ಇದಕ್ಕೆ ಮಿಫ್ಲಿನ್-ಸೇಂಟ್ ಜಿಯೋರ್ ಅನ್ನುವ ಸೂತ್ರವಿದೆ, 1990ರದ್ದು. ತೂಕವನ್ನು (ಕೆ.ಜಿ.) 10ರಿಂದ ಗುಣಿಸಿ. ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ 161 ಕಳೆಯಿರಿ. ನನ್ನದನ್ನೇ ಹೇಳುತ್ತೇನೆ: ವಯಸ್ಸು 53, ತೂಕ 68, ಎತ್ತರ 155. 680 ಮತ್ತು 969 ಕೂಡಿ 1,649. ಅದರಲ್ಲಿ 265, ಆಮೇಲೆ 161 ಕಳೆದರೆ 1,223.

ಆಮೇಲೆ ಓಡಾಟದ ಲೆಕ್ಕ. ದಿನವೆಲ್ಲ ಕೂತೇ ಇರುವವರು ಇದನ್ನು 1.2ರಿಂದ, ಮನೆಕೆಲಸದ ಜೊತೆ ವಾರದಲ್ಲಿ ಮೂರ್ನಾಲ್ಕು ದಿನ ನಡೆಯುವವರು 1.375ರಿಂದ ಗುಣಿಸಬೇಕು. ನಾವೆಲ್ಲ ಎಡವುವುದು ಇಲ್ಲೇ, ಅಡುಗೆಮನೆಯಲ್ಲಿ ನಿಂತು ಸುಸ್ತಾಗಿದ್ದನ್ನೂ ದೊಡ್ಡ ವ್ಯಾಯಾಮ ಅಂತ ಹಿಡಿದು ಮೇಲಿನ ಅಂಕಿಗೆ ಹೋಗಿಬಿಡುತ್ತೇವೆ. ಅನುಮಾನವಿದ್ದರೆ ಕೆಳಗಿನದ್ದೇ ಇರಲಿ. ನಾನು ದಿನಾ ಅರ್ಧ ಗಂಟೆ ನಡೆಯುತ್ತೇನೆ, ಹಾಗಾಗಿ 1.375: ಸುಮಾರು 1,680. ಇಷ್ಟು ತಿಂದರೆ ತೂಕ ಇದ್ದಲ್ಲೇ ಇರುತ್ತದೆ.

ಇದರಲ್ಲಿ 300 ಕಳೆಯಿರಿ. ನನಗೆ 1,380 ಬಂತು. ತಿಂಗಳಿಗೆ ಒಂದು ಕೆ.ಜಿ. ಆಸುಪಾಸು ಇಳಿಯಬಹುದು, ಅಷ್ಟು ಸಾಕು. ಉತ್ತರ 1,200ಕ್ಕಿಂತ ಕೆಳಗೆ ಹೋದರೆ ಊಟ ಇನ್ನಷ್ಟು ಕಡಿಮೆ ಮಾಡಬೇಡಿ, ನಡಿಗೆ ಜಾಸ್ತಿ ಮಾಡಿ. ಯಾರೋ ಕೊಟ್ಟ 900 ಕ್ಯಾಲೊರಿಯ ಪಟ್ಟಿಯನ್ನು ನಾನೊಮ್ಮೆ ಒಂದೂವರೆ ತಿಂಗಳು ಪಾಲಿಸಿದ್ದೆ. ತೂಕವೇನೋ ಇಳಿಯಿತು, ಆದರೆ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಊಟ ಕಡಿಮೆಯಾದರೆ ಶುಗರ್ ತೀರಾ ಇಳಿಯಬಹುದು.

ಈ 300 ಎಲ್ಲಿಂದ ತೆಗೆಯುವುದು? ಹೆಚ್ಚಿನವರು ಮೊದಲು ಮುದ್ದೆ, ಅನ್ನದ ಮೇಲೆ ಕೈ ಇಡುತ್ತಾರೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಸುಮಾರು 260 ಕ್ಯಾಲೊರಿ, ಹೊಟ್ಟೆಯೂ ತುಂಬುತ್ತದೆ. ನೀವು ಮೊದಲು ಎಣ್ಣೆ ಡಬ್ಬ ನೋಡಿ. ಮನೆಯಲ್ಲಿ ಮೂವರಿದ್ದು ತಿಂಗಳಿಗೆ ಮೂರು ಲೀಟರ್ ಖಾಲಿಯಾಗುತ್ತಿದ್ದರೆ ಒಬ್ಬರಿಗೆ ದಿನಕ್ಕೆ 33 ಮಿಲಿ, ಅಂದರೆ 270 ಕ್ಯಾಲೊರಿ, ಅದು ಒಗ್ಗರಣೆ, ದೋಸೆ, ಪಲ್ಯದಲ್ಲಿ ಕಣ್ಣಿಗೇ ಕಾಣದೆ ಹೋಗುತ್ತದೆ. ಎರಡು ಲೀಟರಿಗೆ ಇಳಿಸಿದರೆ 90 ಉಳಿಯಿತು. ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರು ಅದನ್ನು ಬಿಟ್ಟರೆ ಇನ್ನೊಂದು 100. ಟಿವಿ ಮುಂದೆ ತಿನ್ನುವ ಒಂದು ಹಿಡಿ ಕಡಲೆಬೀಜ, 30 ಗ್ರಾಂ, 170. ಅದು ಒಳ್ಳೆಯ ತಿಂಡಿಯೇ, ಅಳತೆ ಇರಲಿ ಅಷ್ಟೆ.

ಬೇಳೆ, ಕಾಳು, ಮೊಸರು, ಮೊಟ್ಟೆ ಮಾತ್ರ ಕಡಿಮೆ ಮಾಡಬೇಡಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಒಂದು ಗ್ರಾಂ ಪ್ರೋಟೀನ್ ಸಿಗುವ ಹಾಗೆ ನೋಡಿಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ, 30 ಗ್ರಾಂ ಒಣ ಹುರುಳಿಕಾಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ವಾರಕ್ಕೆರಡು ದಿನ ನೀರಿನ ಬಾಟಲಿಯನ್ನಾದರೂ ಎತ್ತಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ. ಸ್ನಾಯು, ಮೂಳೆ ಎರಡಕ್ಕೂ ಅದು ಬೇಕು.

ಇನ್ನು ತೂಕ. ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ಸೊಂಟವನ್ನೂ ಟೇಪಿನಿಂದ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು ಅನ್ನುತ್ತಾರೆ. ಸೂತ್ರ ಕೊಡುವುದು ಬರೀ ಅಂದಾಜು, ಆದ್ದರಿಂದ ನಾಲ್ಕು ವಾರವಾದರೂ ಏನೂ ಅಲುಗಾಡದಿದ್ದರೆ ಇನ್ನೊಂದು 100 ಕಡಿಮೆ ಮಾಡಿ ಅಥವಾ ಕಾಲು ಗಂಟೆ ಹೆಚ್ಚು ನಡೆಯಿರಿ. ನಾಲ್ಕು ಕೆ.ಜಿ. ಇಳಿದ ಮೇಲೆ ಹೊಸ ತೂಕ ಹಾಕಿ ಮತ್ತೆ ಲೆಕ್ಕ ಮಾಡಿ. ನನ್ನ ಲೆಕ್ಕದಲ್ಲಿ ದಿನಕ್ಕೆ 55 ಕ್ಯಾಲೊರಿ ಕಡಿಮೆಯಾಗುತ್ತದೆ, ಒಂದು ಚಮಚ ತುಪ್ಪಕ್ಕಿಂತ ತುಸು ಜಾಸ್ತಿ.