ಅತಿಥಿಗಳ ನಡುವೆ ಆ ಇಬ್ಬರು

ಗೆಳೆಯರನ್ನು ಔತಣಕ್ಕೆ ಕರೆದ ದಂಪತಿ, ಒಂದೇ ಮನೆ, ಒಂದೇ ರಾತ್ರಿ. ನಮ್ಮ ಚಿತ್ರದ ಕಥೆ ಇಷ್ಟೇ. ಅದನ್ನು ಬರೆದು ನಿರ್ದೇಶಿಸಿದ್ದಲ್ಲದೆ ಸಂಕಲನಕ್ಕೂ ನಾನೇ ಕುಳಿತಿದ್ದರಿಂದ ಖಚಿತವಾಗಿ ಹೇಳಬಲ್ಲೆ: ಮಾತು ಅತಿಥಿಗಳದ್ದೇ ಆಗಿರಲಿ, ಅದನ್ನು ಕೇಳಿಸಿಕೊಳ್ಳುತ್ತಿರುವ ಆ ಇಬ್ಬರ ಮುಖದಲ್ಲಿ ಏನಾಗುತ್ತಿದೆ ಎಂಬುದು ಪ್ರೇಕ್ಷಕರಿಗೆ ಕಾಣುತ್ತಲೇ ಇರಬೇಕು.

ಆದ್ದರಿಂದ ಚಿತ್ರಕಥೆಯ ಪ್ರತಿ ದೃಶ್ಯದ ಪಕ್ಕದಲ್ಲಿ ಪತಿ ಎಲ್ಲಿದ್ದಾನೆ, ಪತ್ನಿ ಎಲ್ಲಿದ್ದಾಳೆ, ಅಲ್ಲಿಂದ ಒಬ್ಬರಿಗೊಬ್ಬರು ಕಾಣುತ್ತಾರೆಯೇ ಎಂದು ಬರೆದುಕೊಂಡೆ. ಚಿತ್ರೀಕರಣವನ್ನು ಕಥೆಯ ಅನುಕ್ರಮದಲ್ಲೇ ನಡೆಸಿದೆವು. ಒಂದೇ ಮನೆಯಾದ್ದರಿಂದ ಇದಕ್ಕೆ ಹೆಚ್ಚು ಖರ್ಚು ಬೀಳಲಿಲ್ಲ, ಅತಿಥಿಗಳ ಆಯಾಸವೂ ಸಲಿಗೆಯೂ ತಾನಾಗಿ ಬೆಳೆದುಬಂದವು. ಜೆನ್ನಿಫರ್ ಜೇಸನ್ ಲೀ ಮತ್ತು ಅಲನ್ ಕಮಿಂಗ್ ತಾವೇ ಬರೆದು, ನಿರ್ದೇಶಿಸಿ, ದಂಪತಿಯಾಗಿ ನಟಿಸಿದ 2001ರ ‘ದಿ ಆ್ಯನಿವರ್ಸರಿ ಪಾರ್ಟಿ’ ಡಿಜಿಟಲ್ ವಿಡಿಯೋದಲ್ಲಿ 19 ದಿನಗಳಲ್ಲಿ ಚಿತ್ರಿತವಾಗಿತ್ತು ಎಂಬ ಸಂಗತಿ ಸಣ್ಣ ಬಜೆಟ್ಟಿನ ನಮಗೆ ದೊಡ್ಡ ಧೈರ್ಯ ಕೊಟ್ಟಿತು.

ಅತ್ಯಂತ ಕಠಿಣವಾದದ್ದು ಊಟದ ಮೇಜಿನ ದೃಶ್ಯ. ಸುತ್ತ ಕುಳಿತವರಲ್ಲಿ ಯಾರು ಯಾರೊಡನೆ ಮಾತಿಗಿಳಿದರೂ ನೋಟದ ರೇಖೆ ಬದಲಾಗುತ್ತದೆ, 180 ಡಿಗ್ರಿ ನಿಯಮ (ಮಾತನಾಡುವ ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಪಕ್ಕದಲ್ಲಿ ಕ್ಯಾಮೆರಾ ಇರಬೇಕು, ಇಲ್ಲದಿದ್ದರೆ ತೆರೆಯ ಮೇಲೆ ಅವರ ಎಡಬಲ ಅದಲುಬದಲಾಗುತ್ತದೆ ಎಂಬುದು) ಎಲ್ಲಿ ಮುರಿಯಿತೆಂಬುದು ಸಂಕಲನದವರೆಗೂ ತಿಳಿಯದೆ ಹೋಗಬಹುದು. ನಾವು ದಂಪತಿಯನ್ನು ಮೇಜಿನ ಎರಡು ತುದಿಗಳಲ್ಲಿ ಕೂರಿಸಿ, ಅವರಿಬ್ಬರ ನಡುವಿನ ಗೆರೆಯನ್ನೇ ಇಡೀ ದೃಶ್ಯದ ಮುಖ್ಯ ರೇಖೆಯಾಗಿ ಇಟ್ಟುಕೊಂಡು, ಎರಡೂ ಕ್ಯಾಮೆರಾಗಳನ್ನು ಅದರ ಒಂದೇ ಪಕ್ಕದಲ್ಲಿ ನಿಲ್ಲಿಸಿದೆವು. ಅತಿಥಿಯೊಬ್ಬಳು ನಗುತ್ತಾ, “ನಿಮ್ಮಿಬ್ಬರಿಗೂ ಜಗಳವೇ ಆಗುವುದಿಲ್ಲವೇ?” ಎಂದು ಕೇಳುತ್ತಾಳೆ. ಆಕೆಯ ಮಾತು ಮುಗಿಯುವ ಮೊದಲೇ ಪತಿ “ಇಲ್ಲ” ಎನ್ನುತ್ತಾನೆ, ಬಡಿಸುತ್ತಿದ್ದ ಪತ್ನಿಯ ಕೈಯಲ್ಲಿನ ಸೌಟು ಪಾತ್ರೆಯ ಮೇಲೆಯೇ ತಡೆದು ನಿಲ್ಲುತ್ತದೆ. ಆ ಸೌಟಿನ ಶಾಟ್‌ನಲ್ಲಿ ಮಾತ್ರ ಕ್ಯಾಮೆರಾ ಗೆರೆಯನ್ನು ದಾಟಿತು. ಕಾರಣ ಹೇಳಲಾಗದಿದ್ದರೂ ಏನೋ ಪಲ್ಲಟವಾಯಿತೆಂದು ಪ್ರೇಕ್ಷಕರಿಗೆ ಅನ್ನಿಸಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಇಂಥ ಚಿತ್ರದಲ್ಲಿ ಧ್ವನಿಗೆ ಕ್ಯಾಮೆರಾದಷ್ಟೇ ಗಮನ ಕೊಡಬೇಕು. ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ 1970ರ ದಶಕದಲ್ಲೇ ನಟರಿಗೆ ಬೇರೆ ಬೇರೆ ಮೈಕ್ ತೊಡಿಸಿ, ಎಂಟು ಟ್ರ್ಯಾಕ್‌ಗಳಲ್ಲಿ ಮಾತುಗಳನ್ನು ಧ್ವನಿಮುದ್ರಿಸಿ, ಯಾವುದು ಮೇಲೆ ಕೇಳಬೇಕೆಂಬುದನ್ನು ಮಿಕ್ಸಿಂಗ್‌ನಲ್ಲಿ ತೀರ್ಮಾನಿಸುತ್ತಿದ್ದರು. ನಾವೂ ಅದೇ ದಾರಿ ಹಿಡಿದೆವು. ಮುಖ್ಯ ಸಂಭಾಷಣೆ ನಡೆಯುವಾಗ ಅದು ಸ್ಪಷ್ಟವಾಗಿ ದಾಖಲಾಗಲೆಂದು ಹಿನ್ನೆಲೆಯ ಅತಿಥಿಗಳು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು, ಅವರ ಗದ್ದಲವನ್ನು ಆಮೇಲೆ ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಂಡೆವು. ನೃತ್ಯದ ದೃಶ್ಯದಲ್ಲಿ ಹಾಡನ್ನು ತುಸು ಹೊತ್ತು ಕೇಳಿಸಿ ನಿಲ್ಲಿಸುತ್ತಿದ್ದೆವು, ನಟರು ತಾಳವನ್ನು ಮನಸ್ಸಿನಲ್ಲೇ ಹಿಡಿದು ಕುಣಿಯುತ್ತಾ, ಜೋರು ಸಂಗೀತದ ನಡುವೆ ಮಾತನಾಡುವವರಂತೆ ದನಿ ಎತ್ತಿ ಮಾತನಾಡಬೇಕಿತ್ತು. ಇದು ಅಭ್ಯಾಸದಿಂದಲೇ ಬರುವ ಕಸುಬು, ತಾಲೀಮಿನಲ್ಲಿಯೇ ಇದಕ್ಕೆ ಸಮಯ ಮೀಸಲಿಡುವುದು ಲೇಸು. ಲೋಟದಲ್ಲಿನ ಪಾನೀಯದ ಮಟ್ಟ, ಮೇಣದಬತ್ತಿಯ ಎತ್ತರ ಮುಂತಾದವು ಶಾಟ್‌ನಿಂದ ಶಾಟ್‌ಗೆ ಹೊಂದಿಕೊಳ್ಳುವ ಕಂಟಿನ್ಯೂಯಿಟಿಯನ್ನು ಪ್ರತಿ ಟೇಕ್‌ನ ಕೊನೆಗೆ ಫೋಟೋ ತೆಗೆದು ನೋಡಿಕೊಂಡೆವು.

ಸಂಕಲನದಲ್ಲಿ ನನಗೆ ಬಹಳ ಪ್ರಿಯವಾಗಿದ್ದ ಅತಿಥಿಯೊಬ್ಬನ ದೀರ್ಘ ಸ್ವಗತವನ್ನು ಅರ್ಧಕ್ಕೆ ಇಳಿಸಬೇಕಾಯಿತು, ಏಕೆಂದರೆ ಅಷ್ಟು ಹೊತ್ತು ದಂಪತಿಯಲ್ಲಿ ಒಬ್ಬರೂ ತೆರೆಯ ಮೇಲಿರಲಿಲ್ಲ. ಉಳಿದರ್ಧದಲ್ಲೂ ಅವನ ಧ್ವನಿ ಮುಂದುವರಿಯುತ್ತಿರುವಾಗಲೇ, ಬಾಗಿಲ ಬಳಿ ನಿಂತು ಕೇಳುತ್ತಿರುವ ಪತ್ನಿಯ ಶಾಟ್‌ಗೆ ಹೋದೆವು.