ರೆಗ್ಯುಲೇಟರ್ ದೊಡ್ಡದು ಹಾಕಿದರೆ ಪಿಕಪ್ ಬರುತ್ತದೆಯೇ?

ದಾವಣಗೆರೆಯಲ್ಲಿ ಹಳೇ ಝೆನ್, ಎಸ್ಟೀಮ್, ಸಿಟಿ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಲ್ಲಿ ಹುಡುಗರು ಗ್ಯಾರೇಜಿಗೆ ಬಂದು ಕೇಳುವುದು ಇದನ್ನೇ: "ಅಣ್ಣ, ಅಡ್ಜಸ್ಟಬಲ್ ರೆಗ್ಯುಲೇಟರ್ ಹಾಕಿದ್ರೆ ಪಿಕಪ್ ಬರ್ತತೇನು?" ರೆಗ್ಯುಲೇಟರ್ ಅಂದರೆ ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಒತ್ತಡವನ್ನು (ಪ್ರೆಶರ್) ಹಿಡಿದಿಡುವ ಭಾಗ; ಅಡ್ಜಸ್ಟಬಲ್ ಅಂದರೆ ಆ ಒತ್ತಡವನ್ನು ಬೋಲ್ಟ್ ತಿರುಗಿಸಿ ಬದಲಿಸಬಹುದಾದದ್ದು. ಹಳೇ ರೆಗ್ಯುಲೇಟರ್ ಕೆಟ್ಟಿದ್ದರೆ, ಅದೇ ಅಳತೆಯ ಹೊಸದು ಹಾಕಿದಾಗ ಹೋದ ಪಿಕಪ್ ವಾಪಸ್ ಬರುತ್ತದೆ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದು, ಬರೀ ಪ್ರೆಶರ್ ಏರಿಸೋಕೆ ದುಡ್ಡು ಹಾಕಿದರೆ ಏನೂ ಬರುವುದಿಲ್ಲ.

ರೆಗ್ಯುಲೇಟರ್ ಮಾಡುವ ಕೆಲಸ ಒಂದೇ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಹಿಂದಿರುವ ಪೆಟ್ರೋಲ್ ಒತ್ತಡಕ್ಕೂ ಮುಂದಿರುವ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡಕ್ಕೂ ನಡುವಿನ ವ್ಯತ್ಯಾಸವನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು. ಹೆಚ್ಚಿನ ಕಾರುಗಳಲ್ಲಿ ಅದು 3 ಬಾರ್ (ಒತ್ತಡದ ಅಳತೆ) ಆಸುಪಾಸು. ಒಳಗೆ ಒಂದು ಸ್ಪ್ರಿಂಗ್, ಒಂದು ಡಯಾಫ್ರಾಂ. ಮೇಲೆ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪು. ಹೆಚ್ಚಾದ ಪೆಟ್ರೋಲ್ ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ಹೋಗುತ್ತದೆ. ಈ ವ್ಯತ್ಯಾಸ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಲೆಕ್ಕ ಹಾಕುತ್ತದೆ.

ಪ್ರೆಶರನ್ನು 3ರಿಂದ 3.5 ಬಾರಿಗೆ ಏರಿಸಿದರೆ ಪೆಟ್ರೋಲ್ ಹೆಚ್ಚುವುದು ಸುಮಾರು ಶೇ. 8 ಮಾತ್ರ, ಯಾಕೆಂದರೆ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. 4 ಬಾರ್ ಮಾಡಿದರೂ ಶೇ. 15 ದಾಟಿ ಸ್ವಲ್ಪ, ಅಷ್ಟೇ. ಮಾಮೂಲಿ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅಷ್ಟನ್ನೂ ಕಡಿತ ಮಾಡಿಬಿಡುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸೆನ್ಸರಿನ ಮಾತು ನಡೆಯುವುದಿಲ್ಲ. ಆಗ ಮೊದಲೇ 12.5ರ ಹತ್ತಿರ (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಅಷ್ಟು ಪಾಲು ಗಾಳಿ) ಇರುವ ಮಿಶ್ರಣ 11.6ಕ್ಕೆ ಇಳಿದು ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಅತಿಯಾಗುತ್ತದೆ, ಪವರ್ ಇಳಿಯುತ್ತದೆ. ಪ್ಲಗ್ ಮಸಿ ಹಿಡಿಯುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಬಿಸಿಯಾಗುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ಹೋಗದೆ ಹೆಚ್ಚು ಪೆಟ್ರೋಲಿಗೆ ಅಲ್ಲಿ ಕೆಲಸವಿಲ್ಲ.

ಹಾಗಾಗಿ ಪಾರ್ಟ್ ತರುವ ಮೊದಲು ಗೇಜ್ ಹಾಕುತ್ತೇನೆ. ಬೇಕಾಗುವುದು 0–7 ಬಾರ್ ಗೇಜ್, ಒಂದು ಟಿ-ಜಾಯಿಂಟ್, ಇಂಜೆಕ್ಷನ್ ದರ್ಜೆಯ ಹೋಸು, ಸ್ಕ್ರೂ ಕ್ಲಿಪ್ಪು, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಕಾರ್ಬುರೇಟರ್ ಕಾಲದ ಮಾಮೂಲಿ ಪೆಟ್ರೋಲ್ ಪೈಪು 3 ಬಾರಿಗೆ ಉಬ್ಬಿ ಒಡೆಯಬಹುದು, ಅದನ್ನು ಮುಟ್ಟಲೇಬೇಡಿ. ಎಂಜಿನ್ ತಣ್ಣಗಿರುವಾಗ ಪಂಪಿನ ಫ್ಯೂಸ್ ಕಿತ್ತು ಸ್ಟಾರ್ಟ್ ಮಾಡಿ. ತಾನಾಗಿ ಆಫ್ ಆದ ಮೇಲೆ ಇನ್ನೊಮ್ಮೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇಷ್ಟಾದರೂ ಲೈನಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಜಾಯಿಂಟಿನ ಸುತ್ತ ಬಟ್ಟೆ ಸುತ್ತಿಕೊಂಡೇ ಬಿಚ್ಚಬೇಕು.

ಪಂಪಿನಿಂದ ಬರುವ ಪೆಟ್ರೋಲ್ ಲೈನಿಗೆ ಟಿ-ಜಾಯಿಂಟಿನಲ್ಲಿ ಗೇಜ್ ಕೂರಿಸಿ, ಫ್ಯೂಸ್, ಬ್ಯಾಟರಿ ವಾಪಸ್ ಹಾಕಿ ಐಡ್ಲಿಂಗಿನಲ್ಲಿ ಬಿಡಿ. ವ್ಯಾಕ್ಯೂಮ್ ಪೈಪು ಸೇರಿಸಿದ್ದಾಗ 2.4 ಸುಮಾರು, ಕಿತ್ತು ಪೈಪಿನ ಬಾಯಿ ಮುಚ್ಚಿದಾಗ 3 ಬರಬೇಕು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಇನ್ನೂ ಎತ್ತರ. ಗಾಳಿಯ ಒತ್ತಡ ಇಲ್ಲಿ ಕಡಿಮೆ ಇರುವುದರಿಂದ ವ್ಯಾಕ್ಯೂಮ್ ಕೂಡ ಮಂಗಳೂರಿಗಿಂತ ತುಸು ಕಡಿಮೆ ತೋರಿಸುತ್ತದೆ. ಮ್ಯಾನುಯಲ್ಲಿನ ಐಡ್ಲಿಂಗ್ ಅಂಕಿಗಿಂತ ಒಂದು ಗೆರೆ ಮೇಲಿದ್ದರೆ ಗಾಬರಿ ಬೇಡ. ಪೈಪು ಕಿತ್ತಾಗಿನ ಅಂಕಿಯನ್ನೇ ನಂಬಿ.

ಪೈಪು ಕಿತ್ತಾಗ ಅದರ ತುದಿಯನ್ನು ನೋಡಿ, ಮೂಸಿ. ಒಳಗೆ ಪೆಟ್ರೋಲ್ ತೇವ ಕಂಡರೆ ಡಯಾಫ್ರಾಂ ಹರಿದಿದೆ. ಕಪ್ಪು ಹೊಗೆ, ಬಿದ್ದ ಮೈಲೇಜ್, ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ, ಎಲ್ಲದಕ್ಕೂ ಅದೇ ಕಾರಣ. ರೆಗ್ಯುಲೇಟರ್ ಜೊತೆ ಎಂಜಿನ್ ಆಯಿಲ್ ಕೂಡ ಬದಲಿಸಿ. ಪೆಟ್ರೋಲ್ ಬೆರೆತ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ.

ಪ್ರೆಶರ್ ಕಡಿಮೆ ಬಂದರೆ ಎಲ್ಲರೂ ರೆಗ್ಯುಲೇಟರನ್ನೇ ಬೈಯುತ್ತಾರೆ. ರಿಟರ್ನ್ ಲೈನಿನ ರಬ್ಬರ್ ಭಾಗವನ್ನು ಒಂದೇ ಕ್ಷಣ ಒತ್ತಿ ಹಿಡಿಯಿರಿ, ಕಣ್ಣು ಗೇಜಿನ ಮೇಲಿರಲಿ. ಮುಳ್ಳು ಜಿಗಿದು 4.5 ದಾಟಿದರೆ ಪಂಪು ಚೆನ್ನಾಗಿದೆ, ರೆಗ್ಯುಲೇಟರ್ ಸೋರುತ್ತಿದೆ. ಜಿಗಿಯದಿದ್ದರೆ ಮೊದಲು ಫಿಲ್ಟರ್, ಆಮೇಲೆ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ಎಂಜಿನ್ ಓಡುತ್ತಿರುವಾಗ ಅದು ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟನ್ನೂ ಮೀರಿ ಇಳಿದಿದ್ದರೆ ರಿಲೇ, ಅರ್ಥಿಂಗ್ ಹಳತಾಗಿವೆ. ಅರ್ಥಿಂಗ್ ಬಿಚ್ಚಿ ಉಜ್ಜಿದರೆ ಸರಿಹೋಗುವ ಕಾರಿಗೆ ಸಾವಿರಾರು ರೂಪಾಯಿಯ ಪಂಪು ಹಾಕಿಸಿಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ.

ಕೊನೆಗೆ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಪ್ರೆಶರ್ ನಿಧಾನಕ್ಕೆ ಸ್ವಲ್ಪ ಇಳಿದರೆ ಪರವಾಗಿಲ್ಲ, ಸೊನ್ನೆಗೆ ಬಿದ್ದರೆ ರೆಗ್ಯುಲೇಟರ್, ಪಂಪಿನ ವಾಲ್ವ್ ಅಥವಾ ಇಂಜೆಕ್ಟರ್ ಸೋರುತ್ತಿದೆ. ಏಪ್ರಿಲ್ ಬಿಸಿಲಲ್ಲಿ ಹೈವೇ ಓಡಿಸಿ ನಿಲ್ಲಿಸಿದ ಕಾರು ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗದೆ ಸತಾಯಿಸುವುದು ಇದರಿಂದಲೇ. ಒತ್ತಡ ಹೋದರೆ ಬಿಸಿ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಪೆಟ್ರೋಲ್ ಆವಿಯಾಗುತ್ತದೆ.

ಈಗ ಹೊಸ ಪ್ರಶ್ನೆ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನದು. ಶುದ್ಧ ಪೆಟ್ರೋಲಿಗೆ 14.7 ಇದ್ದ ಗಾಳಿಯ ಅನುಪಾತ ಇದಕ್ಕೆ 13.5ರ ಸುಮಾರು, ಅಂದರೆ ಶೇ. 8–9 ಹೆಚ್ಚು ಇಂಧನ ಬೇಕು. ಸೆನ್ಸರ್ ಇರುವ ಕಾರು ಅದನ್ನು ತಾನೇ ಸರಿದೂಗಿಸುತ್ತದೆ. ಸ್ಕ್ಯಾನರ್ ಹಾಕಿದರೆ ಲಾಂಗ್ ಟರ್ಮ್ ಟ್ರಿಮ್ (ಇಸಿಯು ರೂಢಿಯಾಗಿ ಕೂಡಿಸುವ, ಕಳೆಯುವ ಇಂಧನದ ಅಂಕಿ) ಪ್ಲಸ್ ಕಡೆ ಕಾಣುತ್ತದೆ. ಅದಕ್ಕೆ ರೆಗ್ಯುಲೇಟರ್ ಬೇಡ. ಬದಲಿಸಬೇಕಾದ್ದು ಹಳೇ ರಬ್ಬರ್ ಹೋಸು ಮತ್ತು ಓ-ರಿಂಗ್. ಓ-ರಿಂಗ್ ವಿಟಾನ್‌ನದ್ದೇ (ಇಂಧನ ತಡೆಯುವ ರಬ್ಬರ್) ಕೇಳಿ ತನ್ನಿ, ತುಸು ಎಂಜಿನ್ ಆಯಿಲ್ ಸವರಿ ಕೂರಿಸಿ. ಒಣಗಿದ್ದನ್ನು ತುರುಕಿದರೆ ಅಂಚು ಕತ್ತರಿಸಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಯುತ್ತದೆ.

ಅಡ್ಜಸ್ಟಬಲ್ ರೆಗ್ಯುಲೇಟರ್ ನಿಜವಾಗಿ ಬೇಕಾಗುವುದು ಟರ್ಬೊ ಕೂರಿಸಿದಾಗ, ಅಥವಾ ಗಂಟೆಗೆ 255 ಲೀಟರ್ ದೂಡುವಂಥ ದೊಡ್ಡ ಪಂಪು ಹಾಕಿದಾಗ. ಅಷ್ಟು ಪೆಟ್ರೋಲನ್ನು ಕಂಪನಿ ರೆಗ್ಯುಲೇಟರಿನ ಸಣ್ಣ ರಂಧ್ರ ವಾಪಸ್ ಬಿಡಲಾರದೆ ಐಡ್ಲಿಂಗಿನಲ್ಲೇ ಪ್ರೆಶರ್ ಏರುತ್ತದೆ. ಟರ್ಬೊಗೆ ಬೂಸ್ಟ್ (ಅದು ಒತ್ತಿ ತುಂಬುವ ಗಾಳಿಯ ಒತ್ತಡ) ಏರಿದಷ್ಟೇ ಪ್ರೆಶರ್ ಏರಿಸುವ 1:1 ಮಾದರಿಯೇ ಆಗಬೇಕು. ಸೆಟ್ ಮಾಡುವಾಗ ವ್ಯಾಕ್ಯೂಮ್ ಪೈಪು ಕಿತ್ತು, ಅದರ ಬಾಯಿ ಮುಚ್ಚಿ, ಐಡ್ಲಿಂಗಿನಲ್ಲಿ ಬೋಲ್ಟ್ ತಿರುಗಿಸಿ 3 ಬಾರಿಗೆ ತಂದು ಲಾಕ್ ನಟ್ ಬಿಗಿಯಿರಿ. ಬಿಗಿಯುವಾಗಲೂ ಮುಳ್ಳು ಅಲುಗುತ್ತದೆ, ಮತ್ತೆ ನೋಡಿ. ಇಸಿಯು ಮ್ಯಾಪ್ ಮಾಡುವವರಿಗೆ, ಅಂದರೆ ಅದರ ಇಂಧನದ ಲೆಕ್ಕ ಬದಲಿಸುವವರಿಗೆ, ಈ ಅಂಕಿ ಬರೆದು ಕೊಡಿ, ಮ್ಯಾಪ್ ಆದ ಮೇಲೆ ಬೋಲ್ಟ್ ಮುಟ್ಟಬೇಡಿ.

ರೈಲಿನಲ್ಲಿ ರೆಗ್ಯುಲೇಟರೇ ಕಾಣದ ಹೊಸ ಕಾರುಗಳಲ್ಲಿ ಅದು ಟ್ಯಾಂಕಿನೊಳಗೆ, ಪಂಪಿನ ಜೊತೆಗೇ ಇರುತ್ತದೆ. ಅಲ್ಲಿ ವ್ಯಾಕ್ಯೂಮ್ ಪೈಪಿನ ಪರೀಕ್ಷೆ ನಡೆಯುವುದಿಲ್ಲ, ಗೇಜಿನ ಅಂಕಿ ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ಇರಬೇಕು. ಕಾಮನ್ ರೈಲ್ ಡೀಸೆಲ್ಲಿಗಂತೂ ಈ ಗೇಜನ್ನು ತಾಗಿಸಲೇಬೇಡಿ: ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸೋರುವ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸ್ಕ್ಯಾನರಿನಲ್ಲೇ ಓದಿ.