ಟೋಕನ್ ಕಳ್ಳನ ಕೈಗೆ ಸಿಕ್ಕರೆ ಕೀ ಉಳಿಸುವುದು ಹೇಗೆ

ನಾನು ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್‌ಗಳಿಗೆ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಂ) ಬರೆಯುವವನು. ಸಹಿಗೆ ಬೇಕಾದ ಗುಟ್ಟಿನ ಕೀ ಟೋಕನ್ ಒಳಗಿರುತ್ತದೆ, ಪಿನ್ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಪಿನ್ ಸರಿಯಿದ್ದರೆ 1, ತಪ್ಪಾದರೆ 0. ವರ್ಷಗಟ್ಟಲೆ ಹಾಗೇ ಬರೆದೆ.

ಒಂದು ಭಾನುವಾರ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಪೈ ಪಿಕೊ (ಪುಟ್ಟ ಕಂಟ್ರೋಲರ್ ಬೋರ್ಡ್), ಮಾಸ್‌ಫೆಟ್ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ತಂದು ನನ್ನದೇ ಬೋರ್ಡ್ ಮೇಲೆ ಕೈಯಾಡಿಸಿದೆ. ಮೊದಲು ಚಿಪ್ ಪಕ್ಕದ ಕೆಪ್ಯಾಸಿಟರ್ ಕಿತ್ತೆ. ವೋಲ್ಟೇಜ್ ಕುಸಿಯದಂತೆ ತಡೆಯುವುದೇ ಅದು. ಪಿಕೊ ಹೇಳಿದಾಗಲೆಲ್ಲ ಮಾಸ್‌ಫೆಟ್ ಪವರ್ ಲೈನನ್ನು ಕೆಲವು ನೂರು ನ್ಯಾನೊಸೆಕೆಂಡ್ ಗ್ರೌಂಡ್‌ಗೆ ಎಳೆಯುತ್ತಿತ್ತು. ಟೈಮಿಂಗ್ ಚೂರು ಚೂರೇ ಸರಿಸುತ್ತಾ ಮತ್ತೆ ಮತ್ತೆ ಅದೇ ಕೆಲಸ. ಊಟ ಮುಗಿಸಿ ಬಂದರೆ ಹಸಿರು ಎಲ್‌ಇಡಿ ಹತ್ತಿತ್ತು. ಅದೂ ತಪ್ಪು ಪಿನ್‌ಗೆ! ಹೋಲಿಸುವ ಸಾಲನ್ನೇ ಚಿಪ್ ಹಾರಿಸಿಬಿಟ್ಟಿತ್ತು.

ಹಾಗಾಗಿ ಒಂದೇ ಬಿಟ್ ಉಲ್ಟಾ ಆದರೂ ಅದಲುಬದಲಾಗುವ 0, 1 ಬಿಡಿ. 'ಸರಿ'ಗೊಂದು, 'ತಪ್ಪು'ಗೊಂದು 32 ಬಿಟ್ ಸಂಖ್ಯೆ ಕೊಡಿ. ಒಂದರ ಬಿಟ್‌ಗಳೆಲ್ಲ ಇನ್ನೊಂದರಲ್ಲಿ ಉಲ್ಟಾ ಇರಲಿ. ಎರಡೂ ಅಲ್ಲದ್ದು ಬಂತಾ? ಯಾರೋ ಕೈಹಾಕಿದ್ದಾರೆ ಅಂತಲೇ ಲೆಕ್ಕ. ಎರಡು ಸಲ ಪರೀಕ್ಷಿಸಿ, ನಡುವೆ ಪ್ರತಿ ಸಲ ಬೇರೆ ಬೇರೆ ಹೊತ್ತು ಕಾಯಿಸಿ. ತಪ್ಪು ಪ್ರಯತ್ನದ ಲೆಕ್ಕವನ್ನು ಹೋಲಿಸುವ ಮೊದಲೇ ಫ್ಲ್ಯಾಶ್‌ಗೆ (ಪವರ್ ಹೋದರೂ ಉಳಿಯುವ ಮೆಮೊರಿಗೆ) ಬರೆಯಿರಿ. ಆಮೇಲೆ ಬರೆಯೋಣ ಅಂದರೆ ಅಷ್ಟರಲ್ಲಿ ಪವರ್ ಕಿತ್ತಿರುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಹಸಿರು ದೀಪ ಮತ್ತೆ ಹತ್ತಿತು. ಡಿಸ್‌ಅಸೆಂಬ್ಲಿ (ಚಿಪ್ ನಿಜವಾಗಿ ಓಡಿಸುವ ಆದೇಶಗಳ ಪಟ್ಟಿ) ತೆರೆದು ನೋಡಿದರೆ ಎರಡನೇ ಪರೀಕ್ಷೆಯೇ ಇಲ್ಲ! ಹೇಗೂ ಅದೇ ಉತ್ತರ ತಾನೇ ಅಂತ ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ತೆಗೆದುಹಾಕಿತ್ತು. ಆ ವೇರಿಯೇಬಲ್‌ಗೆ ವೊಲಟೈಲ್ (ಪ್ರತಿ ಸಲ ಹೊಸದಾಗಿ ಓದು) ಅಂತ ಹಾಕಿದ ಮೇಲೆ ಉಳಿಯಿತು.

ಆದರೂ ಸಾಮಾನ್ಯ ಮೈಕ್ರೊಕಂಟ್ರೋಲರ್ ಮೇಲೆ ಜಾಸ್ತಿ ನಂಬಿಕೆ ಬೇಡ. 2020ರಲ್ಲಿ ಕ್ರಾಕನ್ ಸೆಕ್ಯುರಿಟಿ ಲ್ಯಾಬ್ಸ್‌ನವರು ಟ್ರೆಜರ್ ವ್ಯಾಲೆಟ್‌ನ (ಕ್ರಿಪ್ಟೊ ಹಣದ ಕೀ ಇಡುವ ಸಾಧನ) ಎಸ್‌ಟಿಎಂ32 ಚಿಪ್‌ನಿಂದ ಸೀಡ್ (ಎಲ್ಲ ಕೀಗಳ ಮೂಲ ಗುಟ್ಟು) ತೆಗೆದದ್ದೂ ವೋಲ್ಟೇಜ್ ಗ್ಲಿಚ್‌ನಿಂದಲೇ, ಅಂದರೆ ಹೀಗೇ ಪವರ್ ಕುಸಿಯುವಂತೆ ಮಾಡಿ. ವ್ಯಾಲೆಟ್ 15 ನಿಮಿಷ ಕೈಯಲ್ಲಿದ್ದರೆ ಸಾಕು ಅಂದರು. ದುಡ್ಡು ಜಾಸ್ತಿಯಾದರೂ ಕೀಯನ್ನು ಸೆಕ್ಯೂರ್ ಎಲಿಮೆಂಟ್‌ಗೆ (ಇಂಥ ದಾಳಿ ತಡೆಯಲೆಂದೇ ಮಾಡಿದ ಚಿಪ್‌ಗೆ) ಹಾಕಿ. ಪಿನ್ ನೋಡುವುದು, ಸಹಿ ಹಾಕುವುದು ಎರಡೂ ಅದರೊಳಗೇ ನಡೆಯಲಿ. ಅದು ಬರೀ 'ಹೌದು' ಅಂತ ಹೇಳಿ, ಕೇಳಿಸಿಕೊಳ್ಳುವುದು ಅದೇ ಹಳೇ ಚಿಪ್ ಆದರೆ ಏನು ಉಪಯೋಗ, ಅಲ್ವಾ?

ಚಿಪ್ ಮೇಲೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿದರೆ ಸಾಕು ಅನ್ನುವವರಿದ್ದಾರೆ. ಬಿಸಿ ಗಾಳಿ, ಚೂಪು ಬ್ಲೇಡ್ ಇದ್ದವರಿಗೆ ಅದು ಒಂದು ಸಂಜೆಯ ಕೆಲಸ. ಅದಕ್ಕಿಂತ ಪ್ರತಿ ಟೋಕನ್‌ಗೂ ಬೇರೆ ಕೀ ಕೊಡಿ. ಒಂದು ಒಡೆದರೆ ಒಂದೇ ಹೋಗುತ್ತದೆ.

ಈಗ ಪ್ರತಿ ರಿಲೀಸ್‌ಗೆ ಮುಂಚೆ ಆ ಪಿಕೊವನ್ನು ರಾತ್ರಿಯಿಡೀ ಓಡಿಸುತ್ತೇನೆ. ಬೆಳಗ್ಗೆ ಬಂದು ಮೊದಲು ನೋಡುವುದು ಎಲ್‌ಇಡಿಯನ್ನೇ.